ಗೆಟ್ ಎಂಬ ಪದದ ಮೂವತ್ತೊಂದು ಅರ್ಥ

ನನಗೆ ಗೆಟ್ ಎನ್ನುವ ಇಂಗ್ಲಿಷ್ ಪದದ ಮೂವತ್ತೊಂದು ಅರ್ಥ ಬಾಯಿಪಾಠ. ಅದು ಬಿಟ್ಟರೆ ಇಂಗ್ಲಿಷ್ ಬರುವುದಿಲ್ಲ. ನಗುವುದಿದ್ದರೆ ನಗಿ, ಬೇಜಾರಿಲ್ಲ. ಆಗ ಮಾತ್ರ ನನಗೆ ನಗು ಬರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿತ್ತು. ನನಗೆ ಇಪ್ಪತ್ತೇಳು. ಗಂಡ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ್ದ. ನಾನು ಮೂರು ವರ್ಷದ ಮಗಳನ್ನು ಸೊಂಟಕ್ಕೇರಿಸಿಕೊಂಡು ಮಾಂಬಳ್ಳಿಯ ತವರಿಗೆ ಬಂದಿದ್ದೆ. ಅಪ್ಪ ಅಮ್ಮ ಆಗಲೇ ತೀರಿಕೊಂಡಿದ್ದರು. ಅಣ್ಣನ ಮನೆ, ಅಣ್ಣ, ಅತ್ತಿಗೆ, ಅವರ ಮೂರು ಮಕ್ಕಳು, ಒಂದು ಎಮ್ಮೆ, ಈಗ ನಾವಿಬ್ಬರು. ಅತ್ತಿಗೆ ಕೆಟ್ಟವಳಲ್ಲ. ಆದರೆ ಬಡಿಸುವಾಗ ಸೌಟು ಪಾತ್ರೆಯ ತಳ ಕೆರೆಯುವ ಸದ್ದು ಇಡೀ ಮನೆಗೆ ಕೇಳಿಸುತ್ತಿತ್ತು. ಆ ಸದ್ದು ಬಂದ ತಕ್ಷಣ ನನ್ನ ಮಗಳು ತಟ್ಟೆಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಯಾರೂ ಹೇಳಿಕೊಟ್ಟಿರಲಿಲ್ಲ, ತಾನೇ ಕಲಿತಿದ್ದಳು.

ಅದೇ ವರ್ಷ ನಮ್ಮ ಬೀದಿಯ ಅಂಗನವಾಡಿ ಟೀಚರ್ ಜಾಗ ಖಾಲಿಯಾಯಿತು. ಅದೇ ಊರಿನವಳಾಗಿರಬೇಕು, ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಗಂಡ ಬಿಟ್ಟವಳಾದರೆ ಮೊದಲು ನೋಡುತ್ತೇವೆ ಎಂದು ಯಳಂದೂರಿನ ಆಫೀಸಿನಲ್ಲಿ ಹೇಳಿದರು. ಆ ಗಂಡನಿಂದ ನನಗೊಂದು ಉಪಕಾರವಾಗುವುದಿದ್ದರೆ ಇದೇ ಇರಬೇಕು ಅಂದುಕೊಂಡೆ. ತೊಡಕು ಒಂದೇ. ಹತ್ತು ವರ್ಷದ ಹಿಂದೆ ನಾನು ಇಂಗ್ಲಿಷ್ ಒಂದರಲ್ಲಿ ಫೇಲಾಗಿ, ಆ ಫೇಲನ್ನು ಹಾಗೇ ಬಿಟ್ಟು ಮದುವೆಯಾಗಿ ಹೋಗಿದ್ದೆ. ಈ ಸಲ ಪರೀಕ್ಷೆ ಕಟ್ಟಿ ಪಾಸಾದರೆ ಮಾರ್ಕ್ಸ್ ಕಾರ್ಡ್ ತೋರಿಸುವಷ್ಟು ಸಮಯವಿತ್ತು. ರಿಸಲ್ಟ್ ಬರಬೇಕಿದೆ ಎಂದು ಬರೆದು ಅರ್ಜಿ ಹಾಕಿದೆ.

"ಇದೊಂದು ಕಿತ ನೋಡು," ಅಂದ ಅಣ್ಣ. "ಆಗ್ನಿಲ್ಲ ಅಂದ್ರೆ ಆಮೇಲೆ ಬುಕ್ಕು ಗಿಕ್ಕು ಅನ್ಬೇಡ. ಕೂಲಿಗೆ ಓಗು."

ಬೀದಿಯ ಕೊನೆಯಲ್ಲಿ ರಿಟೈರಾದ ಮೇಷ್ಟ್ರೊಬ್ಬರಿದ್ದರು. ಹನೂರು ಕಡೆಯ ಶಾಲೆಗಳಲ್ಲಿ ಕೆಲಸ ಮಾಡಿ ಊರಿಗೆ ಬಂದವರು, ಹೆಂಡತಿ ಇರಲಿಲ್ಲ. ಊರಿಗೆ ಟೆಲಿಗ್ರಾಂ ಬಂದರೆ ಓದಿ ಹೇಳುತ್ತಿದ್ದವರು ಅವರೇ. ಟೆಲಿಗ್ರಾಂ ಓದುವವರಿಗೆ ಇಂಗ್ಲಿಷ್ ಪೂರ್ತಿ ಬರುತ್ತದೆ ಎಂದು ಊರೆಲ್ಲ ನಂಬಿತ್ತು, ನಾನೂ ನಂಬಿದ್ದೆ. ಒಂದು ಸೋರೆಕಾಯಿ ಹಿಡಿದುಕೊಂಡು ಹೋಗಿ ಅವರ ಜಗಲಿಯ ಮುಂದೆ ನಿಂತೆ.

"ಫೀಜು ಗೀಜು ಏನೂ ಬ್ಯಾಡ ಕಣವ್ವ," ಅಂದರು. "ದಿನಾ ಸಾಯಂಕಾಲ ಬಾ. ಇಂಗ್ಲಿಷ್ನಲ್ಲಿ ಗೆಟ್ ಅಂತ ಒಂದ್ ಪದ ಅದೆ. ಅದೊಂದ ಗಟ್ಟಿಯಾಗಿ ಇಡ್ಕಂಡ್ಬುಟ್ರೆ ಅರ್ಧ ಇಂಗ್ಲಿಷು ನಿನ್ ಸೆರಗ್ನಲ್ಲಿ ಇದ್ದಂಗೆ."

ಹಳೇ ಕ್ಯಾಲೆಂಡರ್ ಹಾಳೆಗಳ ಹಿಂದೆ ವಾರಕ್ಕೆ ಎರಡು ಅರ್ಥ ಬರೆದುಕೊಡುತ್ತಿದ್ದರು. ಅಕ್ಷರ ಮುತ್ತಿನ ಹಾಗೆ. ಪಡೆ ಎನ್ನುವುದಕ್ಕೆ ಗೆಟ್. ತಂದುಕೊಡು ಎನ್ನುವುದಕ್ಕೂ ಗೆಟ್. ಬಸ್ಸು ಹತ್ತಿದರೂ ಗೆಟ್, ಇಳಿದರೂ ಗೆಟ್. ನೆನೆದರೆ ಗೆಟ್ ವೆಟ್, ಮದುವೆಯಾದರೆ ಗೆಟ್ ಮ್ಯಾರೀಡ್. ಜೊತೆಗೆ ಆ ಪದದ ಅಣ್ಣತಮ್ಮಂದಿರು, ಅಬ್ಟೇನ್, ರಿಸೀವ್, ಬಿಕಮ್, ಫೆಚ್. ಹೇಗೋ ಕಾಲ ತಳ್ಳುವುದಕ್ಕೆ ಗೆಟ್ ಬೈ ಅನ್ನುತ್ತಾರೆ ಎಂದಾಗ ನನಗೆ ಬಹಳ ಖುಷಿಯಾಯಿತು. ನನ್ನ ಪಾಡಿಗೂ ಇಂಗ್ಲಿಷಿನಲ್ಲಿ ಒಂದು ಮಾತಿದೆಯಲ್ಲ ಅಂತ. ಎಮ್ಮೆಗೆ ಹುಲ್ಲು ಕೀಳುತ್ತ ಅದನ್ನೇ ಗುನುಗುತ್ತಿದ್ದೆ.

ಖುಷಿ ಒಂದು ತಿಂಗಳಿತ್ತು. ಆಮೇಲೆ ಪರೀಕ್ಷೆಗೆ ದಿನ ಎಣಿಸತೊಡಗಿದೆ. ಪಠ್ಯಪುಸ್ತಕ ಇನ್ನೂ ತೆರೆದಿರಲಿಲ್ಲ. ಪದ್ಯ ಇಲ್ಲ, ಪತ್ರ ಇಲ್ಲ, ವ್ಯಾಕರಣ ಇಲ್ಲ. ಗೆಟ್ ಒಂದೇ.

"ಎಲ್ಲಿಗಂಟ ಬಂತಮ್ಮಿ ನಿಮ್ ಇಂಗ್ಲಿಷು?" ಅತ್ತಿಗೆ ಅವರೆಕಾಯಿ ಬಿಡಿಸುತ್ತ ಕೇಳಿದಳು.

"ಇಪ್ಪತ್ತನೇ ಅರ್ಥ, ಅತ್ಗೆ."

"ಯಾವ್ ಪದದ್ದು?"

"ಅದೇ."

"ಇನ್ನೂ ಅದೇನಾ! ಒಂದ್ ಅವರೆಕಾಯಿ ಬುಡ್ಸಕ್ಕೆ ಎರಡ್ ತಿಂಗ್ಳಾ? ಸಾರ್ ಯಾವಾಗ್ ಮಾಡೀಯೆ?"

ಸರಿಯಾಗಿಯೇ ಕೇಳಿದಳು. ನಾನು ಕೊಳ್ಳೇಗಾಲದ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಗೈಡ್ ಕೊಂಡು ತಂದು, ಬೆಳಿಗ್ಗೆ ಒಲೆ ಮುಂದೆ ಕೂತು ಓದಿದೆ. ಓದಿದೆ ಅನ್ನುವುದಕ್ಕಿಂತ ಹಾಳೆ ತಿರುಗಿಸಿದೆ. ಯಾವ ವಾಕ್ಯ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಹೇಳಿಕೊಡುವವರು ಬೇಕಿತ್ತು. ಮೇಷ್ಟ್ರನ್ನು ಬಿಟ್ಟು ಬೇರೆ ಕಡೆ ಹೋಗೋಣವೆಂದರೆ ಹೇಗೆ ಬಿಡುವುದು? ಫೀಸು ಕೊಟ್ಟಿದ್ದರೆ ನಾಳೆಯಿಂದ ಬರಲ್ಲ ಅನ್ನಬಹುದಿತ್ತು. ಪುಕ್ಕಟೆ ಕಲಿಸುವ ಮುದುಕರಿಗೆ ನಿಮ್ಮ ಪಾಠ ಸಾಲದು ಎಂದು ನಮ್ಮೂರಲ್ಲಿ ಯಾರೂ ಹೇಳಿದವರಿಲ್ಲ. ಅವರು ಸಂಜೆ ನಾಲ್ಕಕ್ಕೇ ಮುಖ ತೊಳೆದು, ಬಿಳೀ ಅಂಗಿ ಹಾಕಿಕೊಂಡು ಕಾಯುತ್ತಿದ್ದರು.

ಪರೀಕ್ಷೆಗೆ ಹದಿನೈದು ದಿನವಿದ್ದಾಗ ತಡೆಯಲಾಗಲಿಲ್ಲ.

"ಸಾ, ಲೆಟರ್ ರೈಟಿಂಗ್ ಯಾವಾಗ ಏಳ್ಕೊಡ್ತೀರಿ? ಪದ್ಯ ಯಾವಾಗ? ನಾನು ಫೇಲಾದ್ರೆ ನನ್ ಕೂಸ್ಗೆ ಗತಿ ಇಲ್ಲ ಸಾ."

ಅವರು ಪೆನ್ನಿನ ಕ್ಯಾಪು ಹಾಕಿದರು. ತೆಗೆದರು. ಮತ್ತೆ ಹಾಕಿದರು.

"ನಾನು ಇಂಗ್ಲಿಷ್ ಮೇಷ್ಟ್ರಲ್ಲ ಕಣವ್ವ," ಅಂದರು. "ಡ್ರಿಲ್ ಮೇಷ್ಟ್ರು."

ನಾನು ಕೈಯಲ್ಲಿದ್ದ ಕ್ಯಾಲೆಂಡರ್ ಹಾಳೆಯನ್ನು ಜಗಲಿಯ ಮೇಲಿಟ್ಟೆ.

"ಒಂದಿನ ಇಂಗ್ಲಿಷ್ ಮೇಷ್ಟ್ರು ರಜ. ಎಡ್ ಮಾಸ್ಟ್ರು ನನ್ನ ಆ ಕ್ಲಾಸ್ಗೆ ಕಳಿಸಿದ್ರು, ಗಲಾಟೆ ಆಗ್ದಂಗೆ ನೋಡ್ಕಳಯ್ಯಾ ಅಂತ. ಅವತ್ತೇ ಇನ್ಸ್‌ಪೆಕ್ಟ್ರು ಬಂದ್ರು. ಗೆಟ್ ಅನ್ನೋದ್ಕೆ ಎಷ್ಟ್ ಅರ್ಥ ಅದೆ, ಏಳ್ರಿ ಅಂದ್ರು. ನಾನು ನೆಟ್ಟಗೆ ನಿಂತ್ಕಂಡೆ. ಡ್ರಿಲ್ನಲ್ಲಿ ನಿಲ್ತಾರಲ್ಲ, ಅಂಗೆ. ಬಾಯ್ ಬರ್ನಿಲ್ಲ. ಮಕ್ಕಳೆಲ್ಲ ನೋಡ್ತಾ ಅವೆ. ಆಮೇಲೆ ಡಿಕ್ಷನರಿ ತಕಂಡು ಆ ಪದಾನ ಮಾತ್ರ ಕಲ್ತೆ. ಅದೊಂದು ಪೂರ್ತಿ ಬತ್ತದೆ. ಮಿಕ್ಕಿದ್ದು ಟೆಲಿಗ್ರಾಂ ಓದೋವಷ್ಟು."

"ಮೊದ್ಲೇ ಏಳ್ಬೌದಿತ್ತಲ್ಲ ಸಾ?"

"ಸೋರೆಕಾಯಿ ಇಡ್ಕಂಡು ಬಾಗ್ಲಿಗ್ ಬಂದ್ಬುಟ್ಟಿದ್ದೆ. ಎಂಗವ್ವ ಏಳ್ಲಿ?"

ಅವರ ಮೇಲೆ ಸಿಟ್ಟು ಬಂದಿದ್ದರೆ ಒಳ್ಳೆಯದಿತ್ತು. ಬರಲಿಲ್ಲ. ನನ್ನ ಬಾಯಿಯೂ ಹಾಗೇ ಕಟ್ಟಿಹೋಗಿತ್ತಲ್ಲ, ನಾಲ್ಕು ತಿಂಗಳು. ಮಾರನೆಯ ಸಂಜೆಯೂ ಹೋದೆ. ಅವರು ಇಪ್ಪತ್ತೊಂಬತ್ತನೆಯದನ್ನು ಬರೆದಿಟ್ಟುಕೊಂಡು ಕೂತಿದ್ದರು.

ಕೊಳ್ಳೇಗಾಲದ ಪರೀಕ್ಷಾ ಕೇಂದ್ರದ ಗೇಟಿನಲ್ಲೇ ಒಬ್ಬರು ತಡೆದರು. "ಅಮ್ಮ, ಪೇರೆಂಟ್ಸ್ ಎಲ್ಲ ಆಚೆ ಇರ್ಬೇಕು." ಹಾಲ್ ಟಿಕೆಟ್ ತೋರಿಸಿದೆ. ಎರಡು ಸಲ ಫೋಟೋ ನೋಡಿ, ಎರಡು ಸಲ ನನ್ನ ಮುಖ ನೋಡಿ ಬಿಟ್ಟರು. ಜಡೆಗೆ ರಿಬ್ಬನ್ ಕಟ್ಟಿದ್ದ ಹುಡುಗಿಯ ಹಿಂದಿನ ಬೆಂಚು. ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಮೊದಲಿನಿಂದ ಕೊನೆಯವರೆಗೆ ಬೆರಳಿಟ್ಟು ಹುಡುಕಿದೆ. ಗೆಟ್ ಎರಡೇ ಕಡೆ ಇತ್ತು. ಎರಡೂ ಕಡೆ ಯಾರೂ ಅದರ ಅರ್ಥ ಕೇಳಿರಲಿಲ್ಲ. ಗೆಳತಿಗೆ ಪತ್ರ ಬರೆಯಿರಿ ಎಂದಿತ್ತು. ಐ ಗೆಟ್ ಅಪ್, ಐ ಗೆಟ್ ಬೈ ಎಂದು ಬರೆಯುತ್ತ ಹೋದೆ. ನನಗಂತೂ ಅದು ಸುಳ್ಳು ಪತ್ರವಾಗಿರಲಿಲ್ಲ.

ರಿಸಲ್ಟ್ ಬಂದ ದಿನ ನೋಟೀಸ್ ಬೋರ್ಡಿನಲ್ಲಿ ನನ್ನ ನಂಬರಿನ ಹಿಂದಿನದಿತ್ತು, ಮುಂದಿನದಿತ್ತು. ಅಣ್ಣನಿಗೆ ಹೇಳಿದೆ. ಅವನು ಟವೆಲ್ ಕೊಡವಿ ಹೊರಗೆ ಹೋದ. ಅತ್ತಿಗೆ ಮೊರ ಎಳೆದುಕೊಂಡು ಅಕ್ಕಿ ಆರಿಸತೊಡಗಿದಳು. ಅವಳು ಬೈದಿದ್ದರೆ ಸ್ವಲ್ಪ ಹಗುರಾಗುತ್ತಿತ್ತು.

ಅಷ್ಟರಲ್ಲಿ ಮೇಷ್ಟ್ರೇ ಮನೆ ಬಾಗಿಲಿಗೆ ಬಂದರು. ಯಾರ ಮನೆಗೂ ಹೋಗುವವರಲ್ಲ.

"ಏನಾಯ್ತವ್ವ?"

ನಾನು ಸುಳ್ಳು ಹೇಳುವವಳಲ್ಲ. ಅವತ್ತು ಮಾತ್ರ, "ಪಾಸು ಸಾ" ಅಂದುಬಿಟ್ಟೆ.

ಅವರು ಎರಡೂ ಕೈಯಿಂದ ಮುಖ ಒರೆಸಿಕೊಂಡರು. ಅಂಗಡಿಗೆ ಹೋಗಿ ಸಕ್ಕರೆ ತಂದು ಬೀದಿಗೆಲ್ಲ ಹಂಚಿದರು. ಅತ್ತಿಗೆಯ ಅಂಗೈಗೂ ಹಾಕಿದರು. ಅವಳು ನನ್ನನ್ನೇ ನೋಡುತ್ತ ಸಕ್ಕರೆಯನ್ನು ಬಾಯಿಗೆ ಹಾಕಿಕೊಂಡಳು.

ಯಳಂದೂರಿನ ಆಫೀಸಿನಲ್ಲಿ ಕಾಗದಪತ್ರ ನೋಡುವ ದಿನ ಅವರೂ ಹೊರಟು ನಿಂತರು. ಕೋಟು ಬೇರೆ. "ನಾನೂ ಬತ್ತೀನಿ. ಯಾರು ಏಳ್ಕೊಟ್ಟದ್ದು ಅಂತ ಕೇಳುದ್ರೆ ನಾನ್ ಇರ್ಬೇಕಲ್ವ?" ದಾರಿಯುದ್ದಕ್ಕೂ ಹೇಳಬೇಕು, ಹೇಳಬೇಕು ಅಂದುಕೊಂಡೆ. ಬಸ್ಸಿನಲ್ಲಿ ಕಂಡಕ್ಟರಿಗೂ ಹೇಳಿದರು, "ನಮ್ ಹುಡ್ಗಿ, ಇಂಗ್ಲಿಷ್ನಲ್ಲಿ ಪಾಸ್ ಮಾಡವ್ಳೆ." ಆಮೇಲೆ ನನ್ನ ಬಾಯಿ ಪೂರ್ತಿ ಬಿದ್ದುಹೋಯಿತು.

ಒಳಗೆ ನನ್ನ ಹೆಸರು ಕರೆದರು. ಆಫೀಸರಮ್ಮ ಕೈ ಚಾಚಿದರು.

"ಮಾರ್ಕ್ಸ್ ಕಾರ್ಡ್ ಕೊಡಿ."

"ಇಲ್ಲ ಮೇಡಂ. ಫೇಲು."

"ಮತ್ತೆ ಯಾಕಮ್ಮ ಬಂದ್ರಿ?"

ನಾನು ಹೊರಗೆ ನೋಡಿದೆ. ಕಿಟಕಿಯ ಆಚೆ ಮೇಷ್ಟ್ರು ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು. ಆಫೀಸರಮ್ಮನೂ ನೋಡಿದರು. ಒಳ್ಳೆಯ ಹೆಂಗಸು, ಬೈಯಲಿಲ್ಲ. "ಮುಂದಿನವರನ್ನ ಕರೀರಿ," ಅಂದರು ಅಷ್ಟೇ.

ಹೊರಗೆ ಬಂದೆ.

"ಕೊಟ್ರಾ?"

"ನಾನು ಪಾಸಾಗ್ನಿಲ್ಲ ಸಾ. ಸುಳ್ಳೇಳ್ಬುಟ್ಟೆ."

ಅವರು ನೆಟ್ಟಗೆ ನಿಂತರು. ಎರಡೂ ಕೈ ಪಕ್ಕಕ್ಕೆ ಅಂಟಿಕೊಂಡವು. ಹಾಗೇ ನಿಂತು ಕೇಳಿದರು.

"ಮತ್ತೆ ಕಟ್ಬೌದಲ್ವ ಪರೀಕ್ಷೆಯ?"

"ಕಟ್ಬೌದು ಸಾ. ಅಷ್ಟೊತ್ಗೆ ಈ ಕೆಲ್ಸ ಇರಲ್ಲ."

ಬಸ್ಸಿನಲ್ಲಿ ಅವರು ಮುಂದೆ ಕೂತರು, ನಾನು ಹಿಂದೆ. ಊರಲ್ಲಿ ಇಳಿದು ಅವರು ಆ ಕಡೆ ಹೋದರು, ನಾನು ಈ ಕಡೆ.

ಸೋಮವಾರ ಕಬ್ಬು ಕಡಿಯುವ ಗ್ಯಾಂಗಿಗೆ ಸೇರಿಕೊಂಡೆ. ಕುಂತೂರಿಗೆ ಹೋಗುವ ಟ್ರ್ಯಾಕ್ಟರ್ ಬೆಳಿಗ್ಗೆಯೇ ಬರುತ್ತಿತ್ತು. ಅದಕ್ಕೆ ಮೊದಲು ಮಗಳನ್ನು ಅದೇ ಅಂಗನವಾಡಿಯ ಬಾಗಿಲಲ್ಲಿ ಕೂರಿಸಿ ಹೋಗಬೇಕಾಗಿತ್ತು. ಹೊಸ ಟೀಚರ್ ಇನ್ನೂ ಬಂದಿರುತ್ತಿರಲಿಲ್ಲ, ಬೀಗ ಹಾಕಿರುತ್ತಿತ್ತು. ಮೊದಲ ದಿನ ಮಗಳು ನನ್ನ ಸೆರಗು ಹಿಡಿದು, "ನೀನೇ ಟೀಚರ್ ಆಯ್ತೀನಿ ಅಂದಿದ್ದೆ," ಅಂದಳು. ಟ್ರ್ಯಾಕ್ಟರಿನವನು ಹಾರನ್ ಮಾಡುತ್ತಿದ್ದ. ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಓಡಿದೆ.