ನಾನು ಬರೆದ ಖಾಲಿ ಜಾಗ

ಸಭೆಯಲ್ಲಿ ಕೂರುವುದು ನನಗೆ ಆಗಿಬರುವುದಿಲ್ಲ. ಹತ್ತು ನಿಮಿಷವಾಯಿತೆಂದರೆ ಕಾಲು ತಾನೇ ಕುಣಿಯತೊಡಗುತ್ತದೆ. ನೀರು ಕುಡಿಯುವ ನೆಪದಲ್ಲಿ ಒಮ್ಮೆ ಏಳುತ್ತೇನೆ, ಫೋನು ಬಂತೆಂಬ ನೆಪದಲ್ಲಿ ಇನ್ನೊಮ್ಮೆ. ಇಂಥವನನ್ನು ಇಳಕಲ್ಲಿನ ನಮ್ಮ ವರ್ತಕರ ಸಂಘದವರು ಕಾರ್ಯದರ್ಶಿ ಮಾಡಿದ್ದಾರೆ. ಕಾರಣ, ನನ್ನ ಅಕ್ಷರ ದುಂಡಗಿದೆಯಂತೆ. ಪಾತ್ರೆ ಅಂಗಡಿಯವನ ಅಕ್ಷರ ಅದು. ಮದುವೆಗೆ ಕೊಡುವ ಕೊಡಗಳ ಮೇಲೆ ಹೆಸರು ಕೆತ್ತಿ ಕೆತ್ತಿ ಬಂದದ್ದು. ಅಕ್ಷರ ದುಂಡಗಿದ್ದವನ ತಲೆಯೂ ಸರಿಯಿರುತ್ತದೆಂದು ಅವರು ನಂಬಿದ್ದರೆ ಅದು ನನ್ನ ತಪ್ಪಲ್ಲ.

ಈ ವರ್ಷ ಸಂಘಕ್ಕೆ ಮುಂದಾಲೋಚನೆಯ ಹುಚ್ಚು ಹಿಡಿಯಿತು. ಬಾಗಲಕೋಟೆಯ ವರ್ತಕರನ್ನು ನೋಡಿ ಬಂದದ್ದು ಅದಕ್ಕೆ ಮೂಲ. ಅಣೆಕಟ್ಟಿನ ಹಿನ್ನೀರು ಬರುತ್ತದೆಂದು ಹಳೆಯ ಪೇಟೆ ಬಿಟ್ಟು ನವನಗರಕ್ಕೆ ಹೋದವರು ಅವರಲ್ಲಿ ಅನೇಕರು. ಮುಂದಿನದನ್ನು ಯೋಚಿಸುವುದನ್ನು ಅವರಿಗೆ ನೀರೇ ಕಲಿಸಿದೆ. ನಮಗೆ ಯಾರು ಕಲಿಸಬೇಕು? ಆ ಕೆಲಸವನ್ನು ಅಧ್ಯಕ್ಷ ಚನ್ನಬಸಪ್ಪನವರೇ ವಹಿಸಿಕೊಂಡರು. ನಲವತ್ತು ವರ್ಷದಿಂದ ಸೀರೆ ಮಾರುತ್ತಿರುವವರು.

"ಬದಾಮಿ, ಪಟ್ಟದಕಲ್ಲಿಗೆ ಬಂದ ಮಂದಿ ಗುಡಿ ನೋಡಿ ಹೊಳ್ಳಿ ಹೋಗ್ತಾರ. ಇಲ್ಲಿತನಕ ಯಾಕ ಬರೂದಿಲ್ಲ? ಗಾಡಿ ನಿಲ್ಲಸಾಕ ಜಾಗ ಇಲ್ಲ, ಅದಕ್ಕ," ಎಂದರು.

ಹತ್ತು ವರ್ಷದ ಯೋಜನೆ ಸಿದ್ಧವಾಯಿತು. ಊರಿನ ನಕ್ಷೆಯನ್ನು ಮೇಜಿನ ಮೇಲೆ ಹರಡಿದೆವು. ಪೇಟೆಯ ಹಿಂಬದಿಗೆ, ನೇಕಾರರ ಓಣಿಗೆ ಹೊಂದಿಕೊಂಡು ಒಂದು ಉದ್ದನೆಯ ಬಯಲು ಕಂಡಿತು. ನಾನು ಅದರ ಮೇಲೆ ದುಂಡಗೆ 'ಖಾಲಿ ಜಾಗ' ಎಂದು ಬರೆದು, ಬಾಣ ಎಳೆದು, 'ವಾಹನ ನಿಲುಗಡೆ' ಎಂದು ಸೇರಿಸಿದೆ. ಎಲ್ಲರೂ ಕೈ ಎತ್ತಿದರು. ಸೋಮವಾರ ನಗರಸಭೆಗೆ ಕೊಡುವುದೆಂದು ಠರಾವಾಯಿತು.

ಶನಿವಾರ ಬೆಳಿಗ್ಗೆ ನಡೆಯಲು ಹೊರಟೆ. ಸಕ್ಕರೆ ಕಾಯಿಲೆಗೆ ಡಾಕ್ಟರು ಹೇಳಿದ ಔಷಧ ಅದು. ತಿಂಗಳಿಗೆ ಎರಡು ಸಲ ತೆಗೆದುಕೊಳ್ಳುತ್ತೇನೆ. ಆರು ಗಂಟೆಗೆ ಆ ಬಯಲಿಗೆ ಬಂದು ನಿಂತುಬಿಟ್ಟೆ. ಈ ತುದಿಯಿಂದ ಆ ತುದಿಯವರೆಗೆ ನೂಲು. ಮಗ್ಗಕ್ಕೆ ಉದ್ದಕ್ಕೆ ಹಾಕುವ ಹಾಸಿನ ಎಳೆಗಳನ್ನು ಗೂಟಗಳ ನಡುವೆ ಬಿಗಿದು, ನೇಕಾರರ ಓಣಿಯ ಇಮಾಮಸಾಬ ಕಾಕಾ ಮತ್ತು ಅವರ ಹೆಂಡತಿ ಹುಸೇನಬಿ ಎದುರುಬದುರು ನಿಂತು ಗಂಜಿ ಬಳಿಯುತ್ತಿದ್ದರು.

"ದಿನಾ ಇಲ್ಲೇ ಹಾಸ್ತೀರೇನ್ರಿ ಕಾಕಾ?" ಎಂದೆ.

"ಮೂವತ್ತು ವರ್ಷಾತ್ರಿ. ಬಿಸಲು ಏರೂದ್ರಾಗ ಸುತ್ತಿ ಒಯ್ಯಬೇಕು, ಇಲ್ಲಾಂದ್ರ ಎಳಿ ಹರೀತಾವ. ಓಣ್ಯಾಗ ಇಷ್ಟು ಉದ್ದ ಜಾಗ ಎಲ್ಲೈತ್ರಿ? ಇದೊಂದ ನೋಡ್ರಿ ನಮಗ."

ಅವರು ಸುತ್ತಿಕೊಂಡು ಹೋಗುವುದು ಒಂಬತ್ತಕ್ಕೆ. ನಾವು ವರ್ತಕರು ಅಂಗಡಿಯ ಬಾಗಿಲು ತೆರೆಯುವುದು ಹತ್ತಕ್ಕೆ. ಮೂವತ್ತು ವರ್ಷ ಒಂದೇ ಊರಿನಲ್ಲಿದ್ದು ಒಂದೇ ಒಂದು ತಾಸಿನ ಅಂತರದಲ್ಲಿ ಒಬ್ಬರನ್ನೊಬ್ಬರು ತಪ್ಪಿಸಿಕೊಂಡಿದ್ದೆವು. ಸೀರೆ ಕೊಳ್ಳುವವರ ಕಾರು ನಿಲ್ಲಿಸಲು ನಾವು ಆರಿಸಿದ್ದು ಸೀರೆ ಹುಟ್ಟುವ ಜಾಗವನ್ನು.

ಮನೆಗೆ ಬಂದವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಹೆಂಡತಿ ಕೊಟ್ಟ ಚಹಾ ಎರಡು ಸಲ ಆರಿತು. ಏನೇನೋ ನೆನಪಾಗತೊಡಗಿತು. ಸಾವಿರ ವರ್ಷದ ಹಿಂದೆ ನಮ್ಮ ಐಹೊಳೆಯ ಹೆಸರು ಹೊತ್ತ ವರ್ತಕರ ದೊಡ್ಡ ಕೂಟವೊಂದಿತ್ತಲ್ಲ, ಸಮುದ್ರ ದಾಟಿ ವ್ಯಾಪಾರ ಮಾಡುತ್ತಿದ್ದವರು. ಅವರು ಊರಿಗೆ ಕೊಟ್ಟದ್ದನ್ನು ಕಲ್ಲಿನಲ್ಲಿ ಕೆತ್ತಿಸುತ್ತಿದ್ದರು. ಕಲ್ಲನ್ನು ತಿದ್ದಲು ಬರುವುದಿಲ್ಲ. ಹಾಗಾಗಿ ಕೆತ್ತಿಸುವ ಮೊದಲು ಯಾರಾದರೊಬ್ಬರು ಹೋಗಿ ಕಣ್ಣಾರೆ ನೋಡಿ ಬರುತ್ತಿದ್ದಿರಬೇಕು ಎಂದು ನನ್ನ ಊಹೆ. ನಮ್ಮದು ಕಾಗದ, ಕಂಪ್ಯೂಟರು. ಯಾವಾಗ ಬೇಕಾದರೂ ತಿದ್ದಬಹುದೆಂಬ ಧೈರ್ಯದಲ್ಲಿ ನಾವು ನೋಡುವುದನ್ನೇ ಬಿಟ್ಟಿದ್ದೇವೆ.

ಚನ್ನಬಸಪ್ಪನವರಿಗೆ ಫೋನು ಮಾಡಿದರೆ ನಂಬಲೇ ಇಲ್ಲ. "ಅಲ್ಲೇನೈತಿ? ನಾ ದಿನಾ ಅದ ದಾರಿ ಹಿಡದ ಅಂಗಡಿಗೆ ಬರ್ತೇನಿ. ಒಂದು ನಾಯಿ ಸೈತ ಇರೂದಿಲ್ಲ."

"ನಾಳೆ ಆರಕ್ಕ ಬರ್ರಿ," ಎಂದೆ. ಅಧ್ಯಕ್ಷರಿಗೆ ನಾನು ಹಾಗೆ ಆಜ್ಞೆ ಮಾಡಿದ್ದು ಅದೇ ಮೊದಲು.

ಭಾನುವಾರ ಅವರು ಕಿವಿಗೆ ಮಫ್ಲರ್ ಸುತ್ತಿಕೊಂಡು, ಮುಖ ಗಂಟಿಕ್ಕಿಕೊಂಡು ಬಂದರು. ಆ ಹೊತ್ತಿಗೇ ಗಾಳಿ ಎದ್ದಿತು. ಒಂದು ಗೂಟ ಸಡಿಲವಾಗಿ ಹಾಸು ನೆಲಕ್ಕೆ ಜೋತುಬಿತ್ತು. ಹುಸೇನಬಿ ಅಧ್ಯಕ್ಷರೆಂದು ನೋಡಲಿಲ್ಲ. "ಏನ ನೋಡ್ತೀರಿ, ಹಿಡೀರಿ ಅಣ್ಣಾರ," ಎಂದರು. ಸೀರೆಯ ಸಾಹುಕಾರರು ಹಸಿ ನೂಲಿನ ತುದಿ ಹಿಡಿದು ನಿಂತರು. ಅಂಗಿಯ ತೋಳಿಗೆಲ್ಲ ಗಂಜಿ. ಇಮಾಮಸಾಬ ಗೂಟ ಬಡಿದು ಮುಗಿಸುವವರೆಗೂ ಅವರು ತುದಿ ಬಿಡಲಿಲ್ಲ. ಆಮೇಲೆ ಗಂಜಿ ಮೆತ್ತಿದ ತಮ್ಮ ಅಂಗೈಯನ್ನು ನೋಡಿಕೊಂಡರು.

"ಇಮಾಮಸಾಬ, ಇಲ್ಲಿ ಗಾಡಿ ನಿಲ್ಲಸಬೇಕಂತ ಬರದಿದ್ವಿ," ಎಂದು ಕೊನೆಗೆ ಅವರೇ ಒಪ್ಪಿಕೊಂಡರು. ಬರೆದವನು ನಾನೆಂದು ಹೇಳಲಿಲ್ಲ. ದೊಡ್ಡ ಮನುಷ್ಯ.

"ನಾನ ಬರದದ್ದು ಕಾಕಾ. ಖಾಲಿ ಐತಿ ಅಂದಕೊಂಡಿದ್ದೆ," ಎಂದೆ.

ಇಮಾಮಸಾಬ ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. "ನೀವು ಅಂಗಡಿ ತಗದ ಮ್ಯಾಲೆ ಊರು ನೋಡ್ತೀರಿ. ಊರು ಅದಕ್ಕೂ ಮೊದಲ ಎದ್ದಿರತೈತ್ರಿ," ಎಂದು ಮತ್ತೆ ಕುಂಚ ಎತ್ತಿಕೊಂಡರು.

ಸೋಮವಾರ ನಗರಸಭೆಗೆ ಯಾವ ಕಾಗದವೂ ಹೋಗಲಿಲ್ಲ. ತುರ್ತುಸಭೆ ಸೇರಿ, ಆ ಬಯಲು ಹಾಸಿನವರದೆಂದೂ ಅಲ್ಲಿ ಅವರಿಗೊಂದು ನೀರಿನ ನಲ್ಲಿ ಹಾಕಿಸುವುದೆಂದೂ ಯೋಜನೆಯಲ್ಲಿ ಬರೆದೆವು. ಕೈ ಎತ್ತುವಾಗ ಚನ್ನಬಸಪ್ಪನವರು ಎರಡೂ ಕೈ ಎತ್ತಿದರು.

ಇಲ್ಲಿಗೆ ಮುಗಿಸಿದರೆ ನಾನು ಒಳ್ಳೆಯವನಾಗುತ್ತೇನೆ. ಆದರೆ ನಕ್ಷೆ ಇನ್ನೂ ನನ್ನ ಮುಂದಿದೆ, ಅದರಲ್ಲಿ ಅದೇ ದುಂಡನೆಯ ಅಕ್ಷರದಲ್ಲಿ 'ಖಾಲಿ ಜಾಗ' ಎಂದು ಬರೆದವು ಇನ್ನೂ ಆರು ಇವೆ. ಎಲ್ಲವನ್ನೂ ನಾನು ಹತ್ತು ಗಂಟೆಯ ಮೇಲೆ ನೋಡಿದ್ದು. ನಾಳೆ ಬೆಳಿಗ್ಗೆ ಐದೂವರೆಗೆ ಬಸ್ ನಿಲ್ದಾಣದ ಹಿಂದಿನದಕ್ಕೆ ಹೋಗಬೇಕು.