ಎಡದಿಂದ ನಾಲ್ಕನೆಯವನು

ಜೈಲಿನ ಎದುರಿಗೇ ಅಪ್ಪನ ಇಸ್ತ್ರಿ ಅಂಗಡಿ. ಕಾವಲುಗಾರರ ಸಮವಸ್ತ್ರಗಳೆಲ್ಲ ಅವನ ಕೈ ದಾಟಿಯೇ ಗರಿಗರಿಯಾಗಬೇಕು. ಬೀದಿಗೆಲ್ಲ ಅವನು ಇಸ್ತ್ರಿ ಮಾವ. ಕಾಲರಿನಲ್ಲಿ ಒಂದು ಸುಕ್ಕು ಉಳಿದರೂ ಊಟ ಸೇರದ ಮನುಷ್ಯ.

ಅವನಿಗೆ ಇನ್ನೊಂದು ಕೆಲಸವೂ ಇತ್ತು, ಜೈಲಿನೊಳಗೆ ಗುರುತು ಪರೇಡಿಗೆ ನಿಲ್ಲುವುದು. ಅಪರಾಧ ಕಂಡವರಿಗೆ ಆರೋಪಿಯೊಬ್ಬನನ್ನೇ ತೋರಿಸಿ “ಇವನೇನಾ?” ಎಂದು ಕೇಳುವಂತಿಲ್ಲವಂತೆ. ಅವನದೇ ವಯಸ್ಸು, ಮೈಕಟ್ಟಿನ ಏಳೆಂಟು ಜನರ ನಡುವೆ ಅವನನ್ನು ನಿಲ್ಲಿಸಿ, ಮ್ಯಾಜಿಸ್ಟ್ರೇಟರ ಮುಂದೆ ಗುರುತು ಹಿಡಿಸಬೇಕು. ಅಷ್ಟು ಜನರನ್ನು ಎಲ್ಲಿಂದ ತರುವುದು? ರಸ್ತೆ ದಾಟಿದರೆ ಅಪ್ಪ ಸಿಗುತ್ತಿದ್ದ. ಸಾಧಾರಣ ಎತ್ತರ, ಸಾಧಾರಣ ಬಣ್ಣ, ಸಾಧಾರಣ ಮೀಸೆ.

“ನಂದು ಸರ್ಕಾರಿ ಮುಖ ಕಣೇ, ಯಾರ ಪಕ್ಕಕ್ಕೂ ಒಪ್ಪುತ್ತೆ” ಎಂದು ನನ್ನೆದುರು ಮೀಸೆ ತಿರುವುತ್ತಿದ್ದ. ಒಂದು ಲೋಟ ಚಹಾದ ಆಸೆಗೆ ಹತ್ತು ಸಲವಾದರೂ ನಿಂತಿದ್ದಾನೆ.

ಆ ಸಲದ್ದು ಕೊಲೆ ಕೇಸು. ಮಟಮಟ ಮಧ್ಯಾಹ್ನ ಮನೆಗೆ ನುಗ್ಗಿದವನು ಮುದುಕಿಯೊಬ್ಬಳನ್ನು ಹೊಡೆದು ಸಾಯಿಸಿದ್ದ. ಕಂಡವಳು ಸೊಸೆ ಒಬ್ಬಳೇ. ಆಕೆ ಸಾಲಿನುದ್ದಕ್ಕೂ ನಡೆದು ಬಂದು ಎಡದಿಂದ ನಾಲ್ಕನೆಯವನ ಮುಂದೆ ನಿಂತಳು, ಅವನ ಭುಜ ಮುಟ್ಟಿದಳು. “ಇವನೇ. ಈ ಕಣ್ಣು ಸತ್ರೂ ಮರೆಯಲ್ಲ” ಎಂದು ಕುಸಿದು ಕುಳಿತಳು. ನಾಲ್ಕನೆಯವನು ಅಪ್ಪ.

ಕಾನೂನಿನ ಮಟ್ಟಿಗೆ ಅಪ್ಪನ ಪಾತ್ರ ಅಲ್ಲಿಗೆ ಮುಗಿಯಿತು. ಗುರುತು ತಪ್ಪಿತೆಂದು ಬರೆದುಕೊಂಡರು. ಆರನೆಯವನಾಗಿ ನಿಂತಿದ್ದ ಆರೋಪಿ, ಬೇರೆ ಸಾಕ್ಷಿಯಿಲ್ಲದೆ, ಅನುಮಾನದ ಲಾಭ ಪಡೆದು ಬಿಡುಗಡೆಯಾದ. ಅವನಿಗಾದರೂ ತೀರ್ಪು ಸಿಕ್ಕಿತು. ಅಪ್ಪನ ಮೇಲೆ ಕೇಸೇ ಇರಲಿಲ್ಲ. ತಪ್ಪಿಲ್ಲವೆಂದು ಹೇಳಲು ಯಾವ ನ್ಯಾಯಾಧೀಶರೂ ಇರಲಿಲ್ಲ.

ಕಾವಲುಗಾರರ ಬಾಯಿಗೆ ಬೀಗವಿದೆಯೇ? ವಾರದೊಳಗೆ ಬೀದಿಗೆಲ್ಲ ಗೊತ್ತಾಯಿತು. ಅಡುಗೆಮನೆಯವರೆಗೆ ಕರೆದು ಬಟ್ಟೆ ಇಳಿಸಿಕೊಳ್ಳುತ್ತಿದ್ದವರು ಬಾಗಿಲಲ್ಲೇ ಕೈಚಾಚತೊಡಗಿದರು. ನನಗೆ ಮೈ ಉರಿಯುತ್ತಿತ್ತು.

ಒಂದು ದಿನ ಅಮ್ಮ ಅನ್ನ ಬಡಿಸುತ್ತಾ, “ಅಲ್ರೀ, ಆ ಕೊಲೆಯಾದ ದಿನ ನೀವು ಊಟಕ್ಕೆ ತಡವಾಗಿ ಬಂದ್ರಲ್ಲ?” ಎಂದಳು.

ಅಪ್ಪ ತುತ್ತು ಕೆಳಗಿಟ್ಟ. “ಮೇಷ್ಟ್ರ ಮನೇಲಿದ್ದೆ. ಕೋಟು ಕೊಡೋಕೆ ಹೋಗಿದ್ದೆ.”

ಅಮ್ಮನ ಜೊತೆ ನಾನು ಎರಡು ದಿನ ಮಾತು ಬಿಟ್ಟೆ. ಕಟ್ಟಿಕೊಂಡ ಗಂಡನನ್ನು ಹೀಗೆ ಕೇಳುವುದೇ ಎಂದು ಕೂಗಾಡಿದೆ. ಮೂರನೆಯ ದಿನ ಸೀದಾ ಮೇಷ್ಟ್ರ ಮನೆಗೆ ಹೋದೆ.

“ಇಲ್ಲೇ ಇದ್ದನಮ್ಮಾ, ಎರಡು ಗಂಟೆವರೆಗೂ. ನನ್ನ ಕೋಟಿನ ಗುಂಡಿ ಬಿದ್ದುಹೋಗಿತ್ತು, ಮಂಚದ ಕೆಳಗೆಲ್ಲ ಹುಡುಕಿದ” ಎಂದರು ಮೇಷ್ಟ್ರು. ದಾರಿಯುದ್ದಕ್ಕೂ ನನ್ನ ಎದೆ ಹಗುರವಾಗಿತ್ತು. ಅಷ್ಟು ಹಗುರವಾಯಿತಲ್ಲ ಎಂದು ಈಗ ನಾಚಿಕೆಯಾಗುತ್ತದೆ.

ಮರುದಿನ ಅಂಗಡಿಯಲ್ಲಿ ಅಂಗಿಗೆ ಗುಂಡಿ ಹಾಕುತ್ತಾ ಕುಳಿತಿದ್ದೆ. ಅಪ್ಪ ಬಟ್ಟೆ ಕೊಟ್ಟು ಬಂದು, ಚಪ್ಪಲಿ ಬಿಡುತ್ತಾ ಹೇಳಿದ: “ಮೇಷ್ಟ್ರು ಸಿಕ್ಕಿದ್ರು.”

ಸೂಜಿ ಅಲ್ಲೇ ನಿಂತಿತು.

“ಸಾಕ್ಷಿ ಸರಿಯಾಗಿ ಹೇಳಿದ್ರಾ, ಮಗಳೇ?”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನ ದನಿಯಲ್ಲಿ ಸಿಟ್ಟೇ ಇರಲಿಲ್ಲ. “ಅಪ್ಪಾ, ನಾನು...” ಎಂದೆ.

“ಇರ್ಲಿ ಬಿಡು. ನಿನ್ನ ಏನಂತ ಅನ್ನಲಿ? ಆಯಮ್ಮ ಮುಟ್ಟಿ ನೋಡಿದಾಗ, ಆವತ್ತು ಎಲ್ಲಿದ್ದೆ ಅಂತ ನಾನೇ ಒಂದ್ಸಲ ನೆನೆಸಿಕೊಂಡೆ.”

ಆಮೇಲೆ ಕಾವಲುಗಾರನೊಬ್ಬನ ಅಂಗಿ ಹಾಸಿಕೊಂಡು, ನೀರು ಚಿಮುಕಿಸಿ, ಕಾಲರಿನಿಂದ ಶುರುಮಾಡಿದ.