ಅವರೆ ಹಿಸುಕುವ ಯಂತ್ರ

ನಾಗರತ್ನ, ನಿನ್ನ ಯಂತ್ರ ನಿಲ್ಲಿಸಿದ್ದು ಆ ಇನ್ಸ್‌ಪೆಕ್ಟರ್ ಅಲ್ಲ. ನಾನು. ನಾನು ಹೇಳಿದ ಸುಳ್ಳು.

ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಸುತ್ತಿ ಬಳಸಿ ಬರೆಯಲು ಬರುವುದಿಲ್ಲ. ಎಪ್ಪತ್ತರ ದಶಕದ ಕೊನೆ, ಬನಶಂಕರಿಯಲ್ಲಿ ನಮ್ಮಿಬ್ಬರ ಮನೆಗೂ ನಡುವೆ ಒಂದೇ ಗೋಡೆ. ಅವರೆ ಕಾಲ ಬಂದರೆ ಹೋಟೆಲಿನವರು, ಮದುವೆ ಅಡುಗೆಯವರು ಹಿತಕಿದ ಬೇಳೆಗೆ ನನಗೇ ಹೇಳುತ್ತಿದ್ದರು. ನೆನೆಸಿದ ಕಾಳನ್ನು ಕೂಲಿಗೆ ಸಿಪ್ಪೆ ಹಿಸುಕಿ ಕೊಡಲು ಬೀದಿಯ ಹೆಂಗಸರಿಗೆ ಹಂಚುವವಳು ನಾನು. ಬೆಳಗಾದರೆ ಪಾತ್ರೆ ಹಿಡಿದು ನನ್ನ ಬಾಗಿಲಲ್ಲಿ ನಿಲ್ಲುತ್ತಿದ್ದರು. ಯಾರಿಗೆ ಕೊಡಬೇಕು, ಯಾರನ್ನು ಕಾಯಿಸಬೇಕು — ಅದರಲ್ಲಿ ನನಗೆ ಸುಖವಿತ್ತು. ಕಾಸಿಗಿಂತ ಹೆಚ್ಚಿನ ಸುಖ.

ನೀನು ಎರಡು ಮರದ ಉರುಳೆಗೆ ಸೈಕಲ್ ಟ್ಯೂಬ್ ಸುತ್ತಿದೆ. ಹಿಡಿ ತಿರುಗಿಸಿದರೆ ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ. ಒಂದು ಬೇಳೆಯೂ ಮುರಿಯಲಿಲ್ಲ. ನನ್ನ ಹೊಟ್ಟೆ ಉರಿಯಿತು.

"ಅಕ್ಕಾ, ಇದಕ್ಕೊಂದು ಪುಟ್ಟ ಮೋಟ್ರು ಹಾಕಿದ್ರೆ ನಮ್ ಹೆಂಗಸ್ರ ಉಗುರಾದ್ರೂ ಉಳಿಯುತ್ತೆ. ನೀವೂ ಸೇರ್ಕೊಳ್ಳಿ" ಎಂದೆ ನೀನು.

ವಾಸದ ಮನೆಯಲ್ಲಿ ಮೋಟಾರು ಇಟ್ಟು ಕಸುಬು ಮಾಡಲು ಲೈಸೆನ್ಸು ಬೇಕಿತ್ತು. ನೀನು ಅರ್ಜಿ ಹಾಕಿದೆ, ಕಾರ್ಪೊರೇಷನ್ನಿನ ಇನ್ಸ್‌ಪೆಕ್ಟರ್ ಬಂದ. ಎರವಲು ತಂದ ಮೋಟಾರು ಕಟ್ಟಿ ಅವನೆದುರು ಓಡಿಸಿ ತೋರಿಸಿದೆ ನೀನು. ಆಮೇಲೆ ಅವನು ನನ್ನ ಬಾಗಿಲಿಗೆ ಬಂದ.

"ಪಕ್ಕದ ಮನೆಯವ್ರು ನೀವಲ್ವಾ? ಇದರಿಂದ ನಿಮ್ಗೇನಾದ್ರೂ ತೊಂದ್ರೆ ಇದ್ಯೇನಮ್ಮಾ?"

ಯಂತ್ರ ಒಳ್ಳೆಯದೋ, ಎಷ್ಟು ಮನೆಗೆ ಅನ್ನವಾಗುತ್ತದೋ — ಕಾಯ್ದೆಗೆ ಅದು ಬೇಕಿರಲಿಲ್ಲ. ಪಕ್ಕದವಳ ಒಂದು ಮಾತು ಸಾಕಿತ್ತು.

"ಗೋಡೆ ಅದುರುತ್ತೆ ಸಾರ್. ಮಗು ಬೆಚ್ಚಿಬಿದ್ದು ಅಳುತ್ತೆ."

ನನ್ನ ಮಗು ಒಳಗೆ ನಿದ್ದೆ ಮಾಡುತ್ತಿತ್ತು. ಮೋಟಾರು ಓಡುವಾಗಲೂ ಎದ್ದಿರಲಿಲ್ಲ.

ಲೈಸೆನ್ಸು ಸಿಗಲಿಲ್ಲ. ಕೈಯಲ್ಲಿ ತಿರುಗಿಸಿ ಹೋಟೆಲುಗಳಿಗೆ ಸಾಲುವಷ್ಟು ಬೇಳೆ ತೆಗೆಯಲಾಗುತ್ತಿರಲಿಲ್ಲ. ಉರುಳೆಗಳನ್ನು ನೀನು ಸ್ನಾನದ ಹಂಡೆಯ ಒಲೆಗೆ ಹಾಕಿದೆ. ಮುಂದಿನ ಅವರೆ ಕಾಲಕ್ಕೆ ನೀನೂ ಪಾತ್ರೆ ಹಿಡಿದು ಬಂದೆ. ನಿನಗೆ ಕೊನೆಯಲ್ಲಿ ಕೊಟ್ಟೆ — ಸಿಪ್ಪೆ ಬಿಡದ ಬಲಿತ ಕಾಳನ್ನೇ ಆರಿಸಿ ಕೊಟ್ಟೆ. ನಿನ್ನ ಉಗುರು ಕೀವು ಕಟ್ಟಿದಾಗ, "ಕೈಯಲ್ಲೇ ಹಿಸುಕ್ಬೇಕು ಕಣೇ ಮಿಷಿನ್ ರತ್ನಾ" ಎಂದು ಆಡಿಕೊಂಡೆ. ಎಲ್ಲರೂ ನಕ್ಕರು. ನೀನೂ ನಕ್ಕೆ. ಆ ನಗು —

"ಆ ಇನ್ಸ್‌ಪೆಕ್ಟರ್ ಕೈ ಸೇದೋಗ" ಎಂದು ನೀನು ಶಪಿಸಿದರೆ, "ಹೂಂ ಕಣೇ, ಸೇದೋಗ್ಲಿ" ಎಂದೆ ನಾನು. ಎಷ್ಟು ವರ್ಷ ಹೀಗೆಯೇ ಎಂದೆನೋ.

ಎಂಬತ್ತರ ದಶಕದಲ್ಲಿ ಬೇರೆ ಯಾವುದೋ ಊರಿನ ಮಿಷಿನ್ ಬೇಳೆ ಹೋಟೆಲುಗಳಿಗೆ ಬಂತು. ನಮ್ಮ ಬೀದಿಯಲ್ಲಿ ಯಾರಿಗೂ ಕೆಲಸವಿಲ್ಲದಾಯಿತು. ಆ ಯಂತ್ರ ನಮ್ಮ ಬೀದಿಯದೇ ಆಗಬಹುದಿತ್ತು. ಅದನ್ನೂ ನಾನು ಯಾರಿಗೂ ಹೇಳಲಿಲ್ಲ.

ಆ ಮನುಷ್ಯ ಕೇಳಬೇಕಾದ್ದನ್ನು ಕೇಳಿದ, ಅಷ್ಟೇ. ಸುಳ್ಳು ನನ್ನದು. ನಾಳೆ ನಿನ್ನ ಮಗಳೂ ಸೊಸೆಯೂ ಮನೆಯಲ್ಲಿರುವ ಹೊತ್ತಿಗೆ ಬಂದು ಇದನ್ನೇ ಬಾಯಿಬಿಟ್ಟು ಹೇಳುತ್ತೇನೆ. ಕ್ಷಮೆ ಕೇಳಲು ಬರುತ್ತಿಲ್ಲ. ನೀನು ಯಾರನ್ನು ಶಪಿಸಬೇಕಿತ್ತು ಎಂದು ಅವರಿಗೂ ತಿಳಿಯಲಿ.